ಮನೋರೋಗ ವಿಭಾಗದ ಪೋಸ್ಟಿಂಗ್ ಎಂದರೆ ಭಯ: ತರಬೇತಿಯಲ್ಲಿ ನಮ್ಮ ಮನೋಭಾವ ನಿಜಕ್ಕೂ ಬದಲಾಗುತ್ತದೆಯೇ?

ಮುಂದಿನ ತಿಂಗಳು ಮನೋರೋಗ ವಿಭಾಗದಲ್ಲಿ ಪೋಸ್ಟಿಂಗ್, ಅಂದರೆ ವಾರ್ಡಿನಲ್ಲಿ ತರಬೇತಿ, ಇದೆ; ಭಯದಿಂದ ಅದನ್ನು ತಪ್ಪಿಸಿಕೊಳ್ಳಬೇಕೆನಿಸುತ್ತಿದೆ, ಭಯ ಹೋದರೆ ಮನೋಭಾವ ತಾನಾಗಿ ಸರಿಯಾಗುತ್ತದೆಯಲ್ಲವೇ ಎಂದು ನರ್ಸಿಂಗ್ ವಿದ್ಯಾರ್ಥಿಯಾದ ನೀವು ಕೇಳಿದ್ದೀರಿ. ಆ ಭಯ ಬಿ.ಎಸ್‌ಸಿ. ನರ್ಸಿಂಗ್ ಓದುವಾಗ ನನಗೂ ಇತ್ತು; ಅದು ಬೇಗನೆ ಹೋಯಿತು. ಬಾಗಿಲಿನಾಚೆ ಕೂಗಾಟವನ್ನು ನಿರೀಕ್ಷಿಸಿದ್ದ ನಾವು ಕಂಡದ್ದು ಕೇರಂ ಆಡುವವರನ್ನು, ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರನ್ನು, ಮನೆಯವರು ಭಾನುವಾರ ಬರುತ್ತಾರೆಯೇ ಎಂದು ವಿಚಾರಿಸುವವರನ್ನು. ಭಯದ ಜಾಗಕ್ಕೆ ಕನಿಕರ ಬಂತು. ಅದನ್ನೇ ನಾನು ಮನೋಭಾವದ ಬದಲಾವಣೆ ಎಂದು ತಿಳಿದೆ.

ಕೇಸ್ ಸ್ಟಡಿಗೆ ನನಗೆ ಕೊಟ್ಟಿದ್ದು ಸ್ಕಿಜೋಫ್ರೇನಿಯಾ (ಭ್ರಮೆಗಳು ಕಾಡುವ ಗಂಭೀರ ಮನೋರೋಗ) ಇದ್ದ, ನನ್ನ ತಾಯಿಯ ವಯಸ್ಸಿನ ಒಬ್ಬ ಮಹಿಳೆಯನ್ನು. ಅವರಿಗೆ ಆ ಕಾಯಿಲೆಗೆ ಕೊಡುವ ಕ್ಲೋಜಪಿನ್ ಎಂಬ ಮಾತ್ರೆ ಶುರುವಾಗಿತ್ತು. ಒಂದು ಬೆಳಿಗ್ಗೆ ಅವರು, "ಸಿಸ್ಟರ್, ಹೊಟ್ಟೆಯೊಳಗೆ ಹಾವು ಸುತ್ಕೊಂಡು ಕೂತಿದೆ, ಅಲ್ಲಾಡ್ತಾನೇ ಇಲ್ಲ" ಎಂದರು. ನಾನು ಕೈ ಹಿಡಿದು ಸಮಾಧಾನ ಹೇಳಿದೆ. ಭ್ರಮೆಗೆ ಒಳ್ಳೆಯ ಉದಾಹರಣೆ ಸಿಕ್ಕಿತೆಂದು ಆ ಮಾತನ್ನು ಪ್ರೊಸೆಸ್ ರೆಕಾರ್ಡಿಂಗ್‌ನಲ್ಲಿ (ರೋಗಿಯೊಂದಿಗಿನ ಸಂಭಾಷಣೆಯನ್ನು ವಿದ್ಯಾರ್ಥಿ ಬರೆದಿಡುವ ದಾಖಲೆಯಲ್ಲಿ) ಅಕ್ಷರಶಃ ಬರೆದುಕೊಂಡೆ. ಅವರು ಊಟ ಬಿಟ್ಟಾಗಲೂ, ಅನ್ನಕ್ಕೆ ವಿಷ ಹಾಕಿದ್ದಾರೆಂಬ ಅನುಮಾನವಿರಬೇಕು ಎಂದು ಬರೆದೆ. ಮಲವಿಸರ್ಜನೆ ಆಗಿದೆಯೇ ಎಂದು ಮಾತ್ರ ಕೇಳಲಿಲ್ಲ. ಹೊಟ್ಟೆಯನ್ನು ಮುಟ್ಟಿಯೂ ನೋಡಲಿಲ್ಲ. ಸರ್ಜಿಕಲ್ ವಾರ್ಡಿನಲ್ಲಿ ಯಾರಾದರೂ ಹೊಟ್ಟೆಯಲ್ಲಿ ಏನೋ ಬಿಗಿದು ಕೂತಿದೆ ಎಂದಿದ್ದರೆ ನಾನು ಮೊದಲು ಮಾಡುತ್ತಿದ್ದುದೇ ಆ ಎರಡು ಕೆಲಸಗಳನ್ನು. ಕ್ಲೋಜಪಿನ್‌ನಿಂದ ಬಿಳಿ ರಕ್ತಕಣಗಳು ಕಡಿಮೆಯಾಗಬಹುದು, ಆದ್ದರಿಂದ ನಿಯಮಿತವಾಗಿ ರಕ್ತಪರೀಕ್ಷೆ ಬೇಕು ಎಂಬುದು ನನಗೆ ಬಾಯಿಪಾಠವಾಗಿತ್ತು; ಅದೇ ಮಾತ್ರೆ ಕರುಳಿನ ಚಲನೆಯನ್ನು ಕುಗ್ಗಿಸುತ್ತದೆ, ಆ ಮಲಬದ್ಧತೆಯನ್ನು ಕಡೆಗಣಿಸಿದರೆ ಕರುಳು ಸ್ತಬ್ಧವಾಗಿ ಪ್ರಾಣಕ್ಕೇ ಅಪಾಯ ತರಬಲ್ಲದು ಎಂಬುದು ಆ ಹೊತ್ತಿನಲ್ಲಿ ನೆನಪಿಗೇ ಬರಲಿಲ್ಲ. ಉಬ್ಬಿದ ಹೊಟ್ಟೆಯನ್ನು ಗಮನಿಸಿದವರು ಮಧ್ಯಾಹ್ನದ ಪಾಳಿಗೆ ಬಂದ ಹಿರಿಯ ಸಿಸ್ಟರ್. ಅವರಿಂದಾಗಿ ಆ ರೋಗಿಯ ಜೀವ ಉಳಿಯಿತು. ಚಿಕಿತ್ಸೆ ಮುಗಿಸಿ ಆ ರೋಗಿ ನಮ್ಮ ವಾರ್ಡಿಗೆ ಮರಳಿದ ಮೇಲೆ ನಾನು ಏನು ಕೇಳಿದರೂ "ಚೆನ್ನಾಗಿದ್ದೀನಿ" ಎಂದು ಮುಖ ತಿರುಗಿಸುತ್ತಿದ್ದರು.

ಹೀಗಾಗಿ, ಭಯ ಹೋದರೆ ಮನೋಭಾವ ಸರಿಯಾಗುತ್ತದೆ ಎಂಬ ನಿಮ್ಮ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ನನ್ನಲ್ಲಿ ಭಯವಿರಲಿಲ್ಲ, ಪ್ರೀತಿಯೂ ಇತ್ತು, ಆದರೂ ಆಕೆಯ ಮಾತನ್ನು ನಾನು ನಂಬಿರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್, ಆರೋಗ್ಯ ಸೇವೆ ನೀಡುವಾಗ ಮಾನಸಿಕ ಕಾಯಿಲೆ ಇರುವವರನ್ನು ದೈಹಿಕ ಕಾಯಿಲೆ ಇರುವವರಿಗೆ ಸಮಾನವಾಗಿ ಕಾಣಬೇಕೆಂದು ಹೇಳುತ್ತದೆ. ವಾರ್ಡಿನಲ್ಲಿ ಅದರ ಅರ್ಥ ಇಷ್ಟೇ: ರೋಗಿ ಎಷ್ಟೇ ವಿಚಿತ್ರವಾಗಿ ಹೇಳಿದರೂ ಮೊದಲು ದೇಹವನ್ನು ಪರೀಕ್ಷಿಸಿ, ಆಮೇಲೆ ಭ್ರಮೆ ಎಂದು ಬರೆಯಿರಿ.

ಪೋಸ್ಟಿಂಗ್ ತಪ್ಪಿಸಿಕೊಳ್ಳುವ ಯೋಚನೆಯನ್ನು ದಯವಿಟ್ಟು ಬಿಡಿ. ದಿನಕ್ಕೊಬ್ಬ ರೋಗಿಯ ಬದಲು ಒಬ್ಬರನ್ನೇ ಕೊನೆಯವರೆಗೆ ಕೊಡಿ ಎಂದು ನಿಮ್ಮ ಮೇಡಂ ಅವರನ್ನು ಕೇಳಿಕೊಳ್ಳಿ. ಹೊರರೋಗಿ ವಿಭಾಗದಲ್ಲೂ ಕೂರಲು ಅವಕಾಶ ಕೇಳಿ. ವಾರ್ಡಿನಲ್ಲಿ ನೀವು ಕಾಣುವುದು ಹೆಚ್ಚಾಗಿ ಕಾಯಿಲೆ ಉಲ್ಬಣಿಸಿದವರನ್ನು, ಆದರೆ ಅರ್ಧ ದಿನ ರಜೆ ಹಾಕಿ ಮಾತ್ರೆ ಬರೆಸಿಕೊಂಡು ಕೆಲಸಕ್ಕೆ ಮರಳುವ ಶಿಕ್ಷಕರು, ಗುಮಾಸ್ತರು, ಚಾಲಕರು ನಿಮಗೆ ಸಿಗುವುದು ಅಲ್ಲಿಯೇ.