ಟೊಯೋಟಾ ಥರ ಸ್ಟಾಕ್ ಇಲ್ದೆ ಸಣ್ಣ ಯೂನಿಟ್ ನಡೆಸಬಹುದಾ?

ಯುದ್ಧ ಆದ್ಮೇಲೆ ಅಮೆರಿಕಾ ದುಡ್ಡು ಸುರಿದಿದ್ದಕ್ಕೆ ಜಪಾನ್ ಕಾರ್ ಕಂಪನಿಗಳು ಎದ್ವು, ನಮಗೆ ಅಷ್ಟು ದುಡ್ಡಿಲ್ಲ, ಅವರ ಝೀರೋ ಸ್ಟಾಕ್ ಆದ್ರೂ ಕಾಪಿ ಮಾಡೋಣ್ವಾ ಅಂತ ಕೇಳಿದೀರ. ಹೀಗೇ ಅಂದ್ಕೊಂಡು ಪೀಣ್ಯದಲ್ಲಿ ಕೈ ಸುಟ್ಕೊಂಡವನು ನಾನು.

ತಗಡನ್ನ ಒತ್ತಿ ಪೀಸ್ ಮಾಡೋ ಮಷೀನ್, ಅದೇ ಪವರ್ ಪ್ರೆಸ್, ಎರಡು ಇಟ್ಕೊಂಡು ವಾಷರ್, ಬ್ರ್ಯಾಕೆಟ್ ಹೊಡೀತಿದ್ದೆ. ಎಲ್ಲೋ ಒಂದು ಟ್ರೈನಿಂಗ್ ಮುಗಿಸ್ಕೊಂಡು ಬಂದವನೇ ಮೂರು ವಾರದ ರೆಡಿ ಮಾಲನ್ನ ಮೂರು ದಿನಕ್ಕೆ ಇಳಿಸಿದೆ. ರ‍್ಯಾಕ್ ಎಲ್ಲ ಖಾಲಿ, ನೋಡೋಕೆ ಏನ್ ಚೆಂದ! ಎಡವಿದ್ದು ಡೈ ಚೇಂಜಲ್ಲಿ, ಅಂದ್ರೆ ಪೀಸಿಗೆ ಆಕಾರ ಕೊಡೋ ಅಚ್ಚು ಬದಲಾಯಿಸೋದ್ರಲ್ಲಿ. ಹಳೇ ಡೈ ಚೈನ್ ಪುಲ್ಲಿ ಹಾಕಿ ಇಳಿಸ್ಬೇಕು, ಹೊಸದು ಕೂರಿಸಿ ಬೋಲ್ಟ್ ಬಿಗೀಬೇಕು, ಮಟ್ಟ ಸರಿಹೋಗೋಕೆ ಅಡಿಗೆ ಪ್ಯಾಕಿಂಗ್ ಕೊಡ್ಬೇಕು, ಮೊದಲ ಹತ್ತಿಪ್ಪತ್ತು ಪೀಸ್ ಸ್ಕ್ರ್ಯಾಪ್, ಒಟ್ಟು ಎರಡೂವರೆ ಗಂಟೆ. ಮೊದಲು ವಾರಕ್ಕೊಂದ್ಸಲ ಇದ್ದ ಈ ಕೆಲಸ ಸ್ಟಾಕ್ ಇಳಿಸಿದ್ಮೇಲೆ, ಒಂದೊಂದು ಪೀಸನ್ನೂ ಸ್ವಲ್ಪ ಸ್ವಲ್ಪನೇ ಹೊಡೀಬೇಕಾಗಿ, ದಿನಕ್ಕೆ ಎರಡು ಸಲ ಆಯ್ತು, ಅಂದ್ರೆ ಅರ್ಧ ದಿನ ಪ್ರೆಸ್ ನಿಂತೇ ಇರ್ತಿತ್ತು, ನಾನೋ ಹುಡುಗರು ಸೋಮಾರಿಗಳು ಅಂತ ಬೈಕೊಂಡು ಓಡಾಡ್ತಿದ್ದೆ. ನಮ್ಮ ಮಾಲು ಬರ್ದೆ ಗಿರಾಕಿ ಫ್ಯಾಕ್ಟರಿ ಲೈನ್ ನಿಲ್ತು, ನಷ್ಟ ನಮ್ಮ ಬಿಲ್ಲಲ್ಲಿ ಕಟ್ ಮಾಡ್ತೀವಿ ಅಂತ ಡೆಬಿಟ್ ನೋಟ್ ಬಂತು, ಆರ್ಡರೂ ಹೋಯ್ತು. ಒಂದು ಪ್ರೆಸ್ ಮಾರಿದೆ.

ಟೊಯೋಟಾ ಕಥೆ ಸರಿಯಾಗಿ ಓದಿದ್ದು ಆಮೇಲೆ, ಕೈ ಖಾಲಿ ಇದ್ದಾಗ. ಯುದ್ಧ ಆದ್ಮೇಲೆ ಅಮೆರಿಕಾ ದುಡ್ಡು ಕೊಟ್ಟ ಮಾರ್ಷಲ್ ಪ್ಲಾನ್ ಯುರೋಪಿಗೆ, ಜಪಾನ್ ಅದ್ರಲ್ಲಿ ಇರ್ಲೇ ಇಲ್ಲ. ಬದಲಿಗೆ 1949ರಲ್ಲಿ ಅಮೆರಿಕದಿಂದ ಬಂದ ಜೋಸೆಫ್ ಡಾಡ್ಜ್ ಅನ್ನೋ ಬ್ಯಾಂಕರ್ ಬೆಲೆ ಏರಿಕೆ ನಿಲ್ಸೋಕೆ ಅಂತ ಸರ್ಕಾರಿ ಖರ್ಚು, ಸಾಲ ಎರಡಕ್ಕೂ ಕತ್ತರಿ ಹಾಕಿಸ್ದ. ಗಾಡಿ ಕೊಳ್ಳೋರಿಲ್ದೆ ಟೊಯೋಟಾ ಮುಳುಗೋ ಹಂತಕ್ಕೆ ಬಂತು. ಬ್ಯಾಂಕ್‌ನೋರು ಸಾಲ ಕೊಟ್ರು, ಜೊತೆಗೆ ಕಂಡೀಷನ್: ಸೇಲ್ಸ್‌ಗೆ ಬೇರೆ ಕಂಪನಿ ಮಾಡಿ, ಅದು ಮಾರೋಷ್ಟೇ ತಯಾರಿಸಿ. 1950ರಲ್ಲಿ ಸ್ಟ್ರೈಕ್, ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯ್ತು, ಕಂಪನಿ ಕಟ್ಟಿದ ಕೀಚಿರೋ ಟೊಯೋಡಾನೇ ರಾಜೀನಾಮೆ ಕೊಟ್ರು. ಅದೇ ಜೂನಲ್ಲಿ ಕೊರಿಯಾ ಯುದ್ಧ ಶುರು, ಅಮೆರಿಕನ್ ಸೈನ್ಯದಿಂದ ಟ್ರಕ್ ಆರ್ಡರ್ ಬಂತು. ಅವರನ್ನ ಉಳಿಸಿದ್ದು ಆರ್ಡರ್ ಸ್ವಾಮಿ, ದಾನ ಅಲ್ಲ.

ಸ್ಟಾಕ್ ಇಡದೇ ಇದ್ದಿದ್ದು ದುಡ್ಡಿಲ್ದೆ. ಅದಕ್ಕೇ ಟೊಯೋಟಾ ಇಂಜಿನಿಯರ್ ತೈಚಿ ಓನೋ ಕಡೆಯವರು ಎರಡು ಮೂರು ಗಂಟೆ ಹಿಡೀತಿದ್ದ ಡೈ ಚೇಂಜನ್ನ ನಿಮಿಷಗಳಿಗೆ ಇಳಿಸಿದ್ರು, ಅದಕ್ಕೆ ಹಿಡಿದಿದ್ದು ಹತ್ತಾರು ವರ್ಷ. ನಾನು ಅದೊಂದನ್ನೇ ಬಿಟ್ಟು ಉಳಿದಿದ್ದೆಲ್ಲ ಕಾಪಿ ಹೊಡೆದಿದ್ದೆ.

ಸ್ಟಾಕ್ ಇಡೋದಾ ಬಿಡೋದಾ ಅನ್ನೋ ಲೆಕ್ಕ ಈಗ ಬೇಡ. ನಾಳೆ ಮೊಬೈಲಲ್ಲಿ ಸ್ಟಾಪ್‌ವಾಚ್ ಹಾಕ್ಕೊಂಡು ಪ್ರೆಸ್ ಪಕ್ಕ ನಿಂತ್ಕೊಳ್ಳಿ. ಡೈ ಚೇಂಜ್ ಅರ್ಧ ಗಂಟೆ ದಾಟಿದ್ರೆ ರ‍್ಯಾಕ್ ತಂಟೆಗೆ ಹೋಗ್ಬೇಡಿ. ನಂದು ಈಗ 22 ನಿಮಿಷ, ಆದ್ರೂ ಒಂದು ವಾರದ ಮಾಲು ಇಟ್ಟೇ ಇದೀನಿ.