ಘಟ್ಟ ಇಳಿಯುವಾಗ ಬ್ರೇಕಿನ ವಾಸನೆ

ಪ್ರಶ್ನೆ: ವ್ಯಾನಿನಲ್ಲೇ ಮಲಗುತ್ತ, ಅಡುಗೆ ಮಾಡಿಕೊಳ್ಳುತ್ತ ಚಿಕ್ಕಮಗಳೂರಿನ ಬೆಟ್ಟಗಳನ್ನು ಸುತ್ತಬೇಕೆಂದಿದ್ದೇವೆ. ಬಯಲುಸೀಮೆಯವರಾದ ನಾವು ಯಾವುದಕ್ಕೆ ಎಚ್ಚರ ವಹಿಸಬೇಕು?
– ಓದುಗರೊಬ್ಬರು, ಕಲಬುರಗಿ

ಉತ್ತರ: ನಮ್ಮ ಕಡೆಯ ಸಮತಟ್ಟಾದ ರಸ್ತೆಗಳಲ್ಲಿ ಪಳಗಿದ ಕಾಲು ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಯೇ ಹಿಡಿಯುವುದರಿಂದ ಪ್ಯಾಡುಗಳು ಕಾದು, ಸುಟ್ಟ ವಾಸನೆ ಬಂದು, ಕೊನೆಗೆ ಹಿಡಿತವೇ ತಪ್ಪುತ್ತದೆ, ಆದ್ದರಿಂದ ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಂಥ ಕಡೆಯಿಂದ ಇಳಿಯುವಾಗ, ಏರಲು ಬಳಸಿದ ಗೇರಿನಲ್ಲೇ ಇಳಿದು, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಿರಿ. ಇನ್ನೊಂದು ಅಪಾಯ ಸದ್ದಿಲ್ಲದ್ದು: ಚಳಿಗೆ ಕಿಟಕಿ ಮುಚ್ಚಿಕೊಂಡು ವ್ಯಾನಿನೊಳಗೆ ಒಲೆ ಅಥವಾ ಇದ್ದಿಲು ಉರಿಸಿದರೆ, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಜೀವ ತೆಗೆಯಬಲ್ಲದು. ಅಡುಗೆ ಹೊರಗೇ ಆಗಲಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡವರಿಗೆ ಒಲೆಯ ಗೊಡವೆಯೂ ಅರ್ಧ ಕಡಿಮೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನೊಳಗೆ ರಾತ್ರಿ ತಂಗಬೇಡಿ.