ಗಾಡಿ ನಿಂತ ಆ ಹತ್ತು ನಿಮಿಷ ಸುಮ್ನೆ ಕೂರಬೇಡಿ

ಪ್ರಶ್ನೆ: ನಮಸ್ಕಾರ ಸರ್. ನನ್ನದು 1998ರ ಮಾರುತಿ 800, ಕಾರ್ಬುರೇಟರ್ ಗಾಡಿ. ಅಪ್ಪ ತಗೊಂಡಿದ್ದು, ಮಾರುವ ಮನಸ್ಸಿಲ್ಲ. ಊರೊಳಗೆ ಯಾವ ತೊಂದರೆಯೂ ಇಲ್ಲ. ಪುತ್ತೂರಿನಿಂದ ಹಾಸನಕ್ಕೆ ಹೊರಟರೆ ಮಾತ್ರ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಜಗ್ಗಿ ಜಗ್ಗಿ ಆಫ್ ಆಗುತ್ತದೆ. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್. ಪ್ಲಗ್, ಕಾಯಿಲ್, ಪೆಟ್ರೋಲ್ ಪಂಪ್ ಮೂರೂ ಹೊಸದು. ಕಾರ್ಬುರೇಟರ್ ಎರಡು ಸಲ ಬಿಚ್ಚಿ ಕ್ಲೀನ್ ಮಾಡಿಸಿದೆ. ಮೆಕ್ಯಾನಿಕ್ ಈಗ ಗುಜರಿಗೆ ಹಾಕಿ ಅಂತಿದ್ದಾರೆ. ಅಂದ ಹಾಗೆ, ಜಗ್ಗಲು ಶುರುವಾದಾಗ ಚೋಕ್ ಎಳೆದರೆ ಇನ್ನೊಂದು ಅರ್ಧ ಕಿಲೋಮೀಟರ್ ಹೋಗುತ್ತದೆ. ಏನು ಮಾಡಲಿ?

ಉತ್ತರ: ಗುಜರಿಗೆ ಹಾಕಬೇಡಿ, ತಡೆಯಿರಿ. ಕೊನೆಯಲ್ಲಿ "ಅಂದ ಹಾಗೆ" ಅಂತ ಒಂದು ಸಾಲು ಸೇರಿಸಿದ್ದೀರಲ್ಲ, ನೀವು ಬದಲಾಯಿಸಿದ ಮೂರು ಪಾರ್ಟ್‌ಗಳಿಗಿಂತ ಆ ಸಾಲಿಗೇ ಬೆಲೆ ಜಾಸ್ತಿ. ಅದನ್ನು ಮೆಕ್ಯಾನಿಕ್‌ಗೆ ಹೇಳಿದ್ದಿರಾ? ಹೇಳಿರಲಾರಿರಿ. ಹೇಳಿದ್ದರೆ ಅವರು ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ಮುಟ್ಟುತ್ತಿರಲಿಲ್ಲ.

ಚೋಕ್ ಎಳೆದಾಗ ಏನಾಗುತ್ತದೆ? ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್‌ನ ಬಾಯಿ ಮುಚ್ಚಿಕೊಂಡು ಗಾಳಿ ಕಡಿಮೆಯಾಗುತ್ತದೆ, ಆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ ಬರುತ್ತದೆ. ಅಷ್ಟಕ್ಕೇ ಇಂಜಿನ್ ಚೇತರಿಸಿಕೊಂಡು ಅರ್ಧ ಕಿಲೋಮೀಟರ್ ಎಳೆಯಿತು ಅಂದರೆ ಅದಕ್ಕೆ ಪೆಟ್ರೋಲ್ ಸಾಲುತ್ತಿರಲಿಲ್ಲ ಅಂತಲೇ ಅರ್ಥ. ಪ್ಲಗ್‌ಗೆ ಕರೆಂಟ್ ಬರದೆ ಗಾಡಿ ನಿಲ್ಲುತ್ತಿದ್ದರೆ ಚೋಕ್ ಎಷ್ಟು ಎಳೆದರೂ ಅದು ಕ್ಯಾರೇ ಅನ್ನುತ್ತಿರಲಿಲ್ಲ. ನಿಲ್ಲುವ ರೀತಿಯೂ ಅದನ್ನೇ ಹೇಳುತ್ತದೆ. ಪೆಟ್ರೋಲ್ ಇಲ್ಲದೆ ನಿಲ್ಲುವ ಗಾಡಿ ನಿಮ್ಮದರ ಹಾಗೆ ಜಗ್ಗಿ, ಕೆಮ್ಮಿ, ಬೇಡಿಕೊಂಡು ನಿಲ್ಲುತ್ತದೆ. ಕರೆಂಟ್ ಹೋಗಿ ನಿಲ್ಲುವ ಗಾಡಿ ಸಾಮಾನ್ಯವಾಗಿ ಕೀ ತಿರುಗಿಸಿದ ಹಾಗೆ ಟಕ್ಕಂತ ನಿಲ್ಲುತ್ತದೆ.

ಈಗ ಮುಖ್ಯ ವಿಷಯ. ಹೀಗೆ ಆಗಾಗ ನಿಲ್ಲುವ ಗಾಡಿ ಗ್ಯಾರೇಜಿಗೆ ಬರುವಷ್ಟರಲ್ಲಿ ತಣ್ಣಗಾಗಿ ಸರಿಯಾಗಿರುತ್ತದೆ. ಸರಿಯಿರುವ ಗಾಡಿಯಲ್ಲಿ ಯಾವ ಮೆಕ್ಯಾನಿಕ್ ಏನು ಹುಡುಕಬೇಕು ಹೇಳಿ? ಹಾಗಾಗಿ ಅಂದಾಜಿನ ಮೇಲೆ ಒಂದೊಂದೇ ಪಾರ್ಟ್ ಬದಲಾಗುತ್ತದೆ. ರೋಗ ಕಾಣುವುದು ಗಾಡಿ ರಸ್ತೆ ಪಕ್ಕ ನಿಂತ ಆ ಹತ್ತು ನಿಮಿಷ ಮಾತ್ರ. ಆ ಹೊತ್ತಿನಲ್ಲಿ ನೀವು ಮನೆಗೆ ಫೋನ್ ಮಾಡುತ್ತಿರುತ್ತೀರಿ, ಇಲ್ಲ ಪಕ್ಕದಲ್ಲಿ ಟೀ ಸಿಗುತ್ತಾ ಅಂತ ನೋಡುತ್ತಿರುತ್ತೀರಿ.

ಮುಂದಿನ ಸಲ ನಿಂತಾಗ ಹೀಗೆ ಮಾಡಿ. ಮೊದಲು ಗಾಡಿ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಶಿರಾಡಿಯಲ್ಲಿ ಲಾರಿ, ಬಸ್ಸು ಹೇಗೆ ಬರುತ್ತವೆ ಅಂತ ನಿಮಗೆ ಗೊತ್ತಲ್ಲ. ಬಾನೆಟ್ ಎತ್ತುವ ಮುಂಚೆಯೇ ಪೆಟ್ರೋಲ್ ಟ್ಯಾಂಕ್ ಮುಚ್ಚಳದ ಹತ್ತಿರ ಹೋಗಿ, ಕಿವಿ ಕೊಟ್ಟು ನಿಧಾನವಾಗಿ ತಿರುಗಿಸಿ. ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡ ಸದ್ದು ಜೋರಾಗಿ ಬಂತಾ? ಬಂದು, ತಕ್ಷಣ ಸೆಲ್ಫ್ ಹೊಡೆದಾಗ ಗಾಡಿ ಎದ್ದರೆ ಕಳ್ಳ ಅಲ್ಲೇ ಇದ್ದಾನೆ.

ನಗಬೇಡಿ, ಇದು ನಾನು ಕಣ್ಣಾರೆ ಕಂಡಿದ್ದು. ಒಂದು ಹಳೇ ಓಮ್ನಿ ಮೂರು ಗ್ಯಾರೇಜ್ ಸುತ್ತಿ ನನ್ನ ಹತ್ತಿರ ಬಂದಿತ್ತು. ಇಪ್ಪತ್ತು ಕಿಲೋಮೀಟರ್ ಓಡಿದರೆ ನಿಲ್ಲುತ್ತಿತ್ತು. ಪಂಪ್ ಹೊಸದು, ಫಿಲ್ಟರ್ ಹೊಸದು. ನಾನೂ ಅರ್ಧ ದಿನ ಕಾರ್ಬುರೇಟರ್ ಜೊತೆ ಗುದ್ದಾಡಿದೆ. ಕೊನೆಗೆ ಪೆಟ್ರೋಲ್ ಹಾಕಿಸಲು ಹೋದಾಗ, ಬಂಕಿನ ಹುಡುಗ ಮುಚ್ಚಳ ತಿರುಗಿಸಿದ್ದೇ ಉಸ್ ಅಂತ ಎಷ್ಟು ಜೋರಾಗಿ ಎಳೆದುಕೊಂಡಿತು ಅಂದರೆ ಅವನು ಹೆದರಿ ಕೈ ತೆಗೆದ. ಹಳೇ ಮುಚ್ಚಳ ಕಳೆದುಹೋಗಿ ಯಾರೋ ಬೇರೆ ಗಾಡಿಯದು ಹಾಕಿದ್ದರು. ಅದರಲ್ಲಿ ಗಾಳಿ ಹೋಗುವ ದಾರಿಯೇ ಇರಲಿಲ್ಲ. ಪೆಟ್ರೋಲ್ ಖರ್ಚಾದ ಹಾಗೆ ಅದರ ಜಾಗಕ್ಕೆ ಗಾಳಿ ಬರಬೇಕು, ಬರದಿದ್ದರೆ ಪಂಪ್ ಎಷ್ಟು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಗಾಳಿ ಸಂದಿಯಿಂದ ಹೇಗೋ ನುಸುಳುತ್ತದೆ, ಗಾಡಿ ಮತ್ತೆ ಓಡುತ್ತದೆ. ಥೇಟ್ ನಿಮ್ಮ ಗಾಡಿಯ ಹಾಗೆ.

ಮುಚ್ಚಳ ಸರಿಯಿದ್ದರೆ ಆಮೇಲೆ ಬಾನೆಟ್. ಏರ್ ಫಿಲ್ಟರ್ ಮುಚ್ಚಳ ತೆಗೆದು ಕಾರ್ಬುರೇಟರ್ ಬಾಯೊಳಗೆ ಟಾರ್ಚ್ ಬಿಡಿ, ಕೈಯಲ್ಲೇ ಎಕ್ಸಲೇಟರ್ ಲಿವರ್ ಒಮ್ಮೆ ಎಳೆಯಿರಿ. ಒಳಗೆ ಪೆಟ್ರೋಲ್ ದಾರದ ಹಾಗೆ ಚಿಮ್ಮಬೇಕು. ಚಿಮ್ಮದಿದ್ದರೆ ಕಾರ್ಬುರೇಟರ್ ಬಟ್ಟಲು ಖಾಲಿ, ಹಿಂದಿನಿಂದ ಪೆಟ್ರೋಲ್ ಬರುತ್ತಿಲ್ಲ. ಮುಖ ಅದರ ಮೇಲೆ ಇಟ್ಟುಕೊಂಡು ಸೆಲ್ಫ್ ಹೊಡೆಸಬೇಡಿ, ಬೀಡಿ ಸಿಗರೇಟು ಹತ್ತಿರ ಬೇಡವೇ ಬೇಡ.

ಬಟ್ಟಲು ಖಾಲಿ ಅಂತಾದರೆ ಇನ್ನೊಂದು ಪರೀಕ್ಷೆ. ಬಾಟಲಿ ನೀರಿನಲ್ಲಿ ಬಟ್ಟೆ ನೆನೆಸಿ, ಚೆನ್ನಾಗಿ ಹಿಂಡಿ, ಪೆಟ್ರೋಲ್ ಪಂಪ್ ಮೇಲೆ ಹಾಕಿ. ಅಂಬಾಸಿಡರ್ ಓಡಿಸಿದ ಹಿರಿಯರನ್ನು ಕೇಳಿದರೆ ಘಾಟಿಯಲ್ಲಿ ಒದ್ದೆ ಬಟ್ಟೆ ಹಾಕಿದ ಕಥೆ ಅವರೇ ಹೇಳುತ್ತಾರೆ. ನಿಮ್ಮ ಗಾಡಿಯ ಪಂಪ್ ಇಂಜಿನ್‌ಗೇ ಅಂಟಿಕೊಂಡಿರುತ್ತದೆ. ಕೆಳಗಿನ ಗೇರ್‌ನಲ್ಲಿ ನಿಧಾನವಾಗಿ ಹತ್ತುವಾಗ ಇಂಜಿನ್ ಬಿಸಿ ಜಾಸ್ತಿ, ಮುಂದಿನಿಂದ ಬೀಸುವ ಗಾಳಿ ಕಡಿಮೆ. ಪೆಟ್ರೋಲ್ ಪೈಪಿನೊಳಗೇ ಆವಿಯಾಗುತ್ತದೆ. ದ್ರವ ಎಳೆಯುವ ಪಂಪ್‌ಗೆ ಆವಿ ಎಳೆಯಲು ಬರುವುದಿಲ್ಲ. ಬಟ್ಟೆ ಹಾಕಿ ಎರಡು ಮೂರು ನಿಮಿಷಕ್ಕೇ ಸ್ಟಾರ್ಟ್ ಆದರೆ ಇದೇ ಕಾರಣ. ಆಗ ರೇಡಿಯೇಟರ್ ಫ್ಯಾನ್ ಸರಿಯಾದ ಹೊತ್ತಿಗೆ ತಿರುಗುತ್ತಿದೆಯಾ, ಪೆಟ್ರೋಲ್ ಪೈಪ್ ಸೈಲೆನ್ಸರ್ ಕಡೆಗೆ ಜಾರಿದೆಯಾ ನೋಡಿ. ಪಂಪ್ ಬದಲಾಯಿಸಿದವರು ಅದರ ಕೆಳಗಿನ ದಪ್ಪ ಪ್ಯಾಕಿಂಗ್ ವಾಪಸ್ ಹಾಕಿದ್ದಾರಾ ಅಂತಲೂ ಕೇಳಿ. ಬಿಸಿ ತಡೆಯುವುದು ಅದೇ.

ಇಷ್ಟೆಲ್ಲ ಹೇಳಿದರೂ ನನ್ನ ಮೊದಲ ಅನುಮಾನ ರಬ್ಬರ್ ಪೈಪ್ ಮೇಲೆ. ಟ್ಯಾಂಕಿನಿಂದ ಪಂಪ್‌ವರೆಗೆ ಕಬ್ಬಿಣದ ಪೈಪಿನ ನಡುನಡುವೆ ರಬ್ಬರ್ ತುಂಡುಗಳಿರುತ್ತವೆ, ನಿಮ್ಮದರಲ್ಲಿ ಅವು ಬಹುಶಃ 1998ರವೇ. ಟ್ಯಾಂಕ್ ಹತ್ತಿರದ ತುಂಡನ್ನು ಯಾರೂ ಬಗ್ಗಿ ನೋಡುವುದಿಲ್ಲ. ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಕೆಳಗೆ ಒಂದು ಹನಿ ಸುರಿಯದೇ ಇರಬಹುದು. ಅಲ್ಲಿ ಪಂಪ್ ಎಳೆಯುತ್ತಿರುತ್ತದೆ, ಪೆಟ್ರೋಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಸಪಾಟು ರಸ್ತೆಯಲ್ಲಿ ಹೇಗೋ ಸಾಲುತ್ತದೆ. ಘಾಟಿಯಲ್ಲಿ ಟ್ಯಾಂಕ್ ಕೆಳಗಾಗಿ ಇಂಜಿನ್ ಮೇಲಾಗುತ್ತದೆ, ಪೆಟ್ರೋಲೂ ಜಾಸ್ತಿ ಬೇಕು, ಆಗ ಸಾಲುವುದಿಲ್ಲ. ಒಂದು ಸುಳಿವು: ಟ್ಯಾಂಕ್ ತುಂಬಿಸಿಕೊಂಡು ಹೊರಟ ದಿನ ನಿಲ್ಲದೆ ಹತ್ತಿದರೆ ಪೈಪ್ ಮೇಲೆ ಅನುಮಾನ ಗಟ್ಟಿ. ತುಂಬಿಸಿದ ದಿನವೇ ಬೇಗ ನಿಂತರೆ ಮುಚ್ಚಳ.

ಏನೇ ಇರಲಿ, ಎಲ್ಲ ರಬ್ಬರ್ ತುಂಡುಗಳನ್ನೂ ಈಗಲೇ ಬದಲಾಯಿಸಿಬಿಡಿ. ಇದರಲ್ಲಿ ಮಾತ್ರ ಪರೀಕ್ಷೆಗೆ ಕಾಯುವ ಅಗತ್ಯವಿಲ್ಲ. 2023ರಿಂದ ನಮ್ಮ ಬಂಕುಗಳಿಗೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬರಲು ಶುರುವಾಯಿತು. ನಿಮ್ಮ ಗಾಡಿಯ ಕಾಲದ ರಬ್ಬರ್ ಅದಕ್ಕೆಂದು ಮಾಡಿದ್ದಲ್ಲ. ಮೆತ್ತಗಾಗುತ್ತದೆ, ಉಬ್ಬುತ್ತದೆ, ಒಳಗಿನ ಪುಡಿ ಬಂದು ಫಿಲ್ಟರ್‌ನಲ್ಲಿ ಕೂರುತ್ತದೆ. ತರುವಾಗ ಎಥನಾಲ್ ತಡೆಯುವ ಫ್ಯೂಯೆಲ್ ಹೋಸ್ ಅಂತ ಕೇಳಿ ತನ್ನಿ. ನೀರಿನ ಪೈಪ್ ತುಂಡು ಹಾಕಿಸಿಕೊಳ್ಳಬೇಡಿ, ಬೆಂಕಿಗೆ ದಾರಿ ಅದು. ಇನ್ನೊಂದು ಮಾತು: ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಅದಕ್ಕೆ ಕಡಿಮೆ ಗಾಳಿ ಸಾಕು. ಹೊಸ ಗಾಡಿಯ ಕಂಪ್ಯೂಟರ್ ಅದನ್ನು ಗಮನಿಸಿ ಪೆಟ್ರೋಲ್ ಜಾಸ್ತಿ ಬಿಡುತ್ತದೆ, ಕಾರ್ಬುರೇಟರ್‌ಗೆ ಆ ಬುದ್ಧಿಯಿಲ್ಲ. ಪೈಪ್ ಕೆಲಸ ಮುಗಿದ ಮೇಲೂ ಸ್ಲೋ (ಎಕ್ಸಲೇಟರ್ ತುಳಿಯದಿದ್ದಾಗಿನ ಓಟ) ಸರಿಯಾಗಿ ನಿಲ್ಲದಿದ್ದರೆ ಗಾಳಿ-ಪೆಟ್ರೋಲ್ ಪ್ರಮಾಣ ಬದಲಿಸುವ ಮಿಕ್ಸ್ಚರ್ ಸ್ಕ್ರೂ ಸ್ವಲ್ಪ ಹೊಂದಿಸಲು ಹೇಳಿ.

ಪ್ರಶ್ನೆ: 2007ರ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಬಿಡುವ) ಕಾರು. ಬೆಂಗಳೂರು ಟ್ರಾಫಿಕ್‌ನಲ್ಲಿ ಒಂದು ಗಂಟೆ ಓಡಿದ ಮೇಲೆ ಇದ್ದಕ್ಕಿದ್ದಂತೆ ಆಫ್. ಜಗ್ಗುವುದಿಲ್ಲ, ಏನಿಲ್ಲ. ಇಪ್ಪತ್ತು ನಿಮಿಷ ಬಿಟ್ಟರೆ ಸರಿ. ಸ್ಕ್ಯಾನರ್ ಹಾಕಿದರೆ ಯಾವ ಕೋಡೂ ಬರುತ್ತಿಲ್ಲ.

ಉತ್ತರ: ಸ್ಕ್ಯಾನರ್ ಏನೂ ಹೇಳಲಿಲ್ಲ ಅಂದ ಮಾತ್ರಕ್ಕೆ ಏನೂ ಆಗಿಲ್ಲ ಅಂತ ಅಲ್ಲ. ಗಾಡಿಯೇ ತನ್ನ ದೋಷ ಪತ್ತೆ ಮಾಡಿ ಕೋಡ್ ಮೂಲಕ ಹೇಳುವ ಒಬಿಡಿ-2 ವ್ಯವಸ್ಥೆ ನಮ್ಮಲ್ಲಿ ಕಾರುಗಳಿಗೆ ಕಡ್ಡಾಯ ಆಗಿದ್ದು 2013ರಲ್ಲಿ, ನಿಮ್ಮದು ಅದಕ್ಕಿಂತ ಹಳೇದು. ಅಗ್ಗದ ಸ್ಕ್ಯಾನರ್‌ಗೆ ಅದರ ಭಾಷೆ ಅರ್ಥವಾಗದೇ ಇರಬಹುದು.

ನಿಂತ ಕೂಡಲೇ ಕೀ ಆನ್ ಮಾಡಿ, ಎಸಿ ಫ್ಯಾನ್, ರೇಡಿಯೊ ಆಫ್ ಮಾಡಿ ಹಿಂದಿನ ಸೀಟಿನ ಕಡೆ ಕಿವಿ ಕೊಡಿ. ಒಂದೆರಡು ಸೆಕೆಂಡ್ ಗುಂಯ್ ಅಂತ ಪೆಟ್ರೋಲ್ ಪಂಪ್ ಸದ್ದು ಬರಬೇಕು. ಬರಲಿಲ್ಲವಾದರೆ ಪಂಪ್, ಅದರ ರಿಲೇ, ಫ್ಯೂಸ್, ವೈರಿಂಗ್ ನೋಡಿಸಿ. ಸದ್ದು ಬಂತು, ಆದರೂ ಎದ್ದಿಲ್ಲ ಅಂದರೆ ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ಮುಳ್ಳು ನೋಡಿ. ಬಹಳಷ್ಟು ಗಾಡಿಗಳಲ್ಲಿ ಅದು ಸ್ವಲ್ಪವಾದರೂ ಅಲುಗಾಡುತ್ತದೆ. ತಣ್ಣಗಿದ್ದಾಗ ಅಲುಗಾಡುವ ಮುಳ್ಳು ಈಗ ಸತ್ತು ಬಿದ್ದಿದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ. ಇಂಜಿನ್ ತಿರುಗುತ್ತಿದೆ ಅಂತ ಕಂಪ್ಯೂಟರ್‌ಗೆ ಹೇಳುವುದೇ ಅದು. ಹಳೇದಾದರೆ ಬಿಸಿಯಾದಾಗ ಮೌನ, ತಣ್ಣಗಾದಾಗ ಮಾತು. ಮುಳ್ಳು ಅಲುಗಾಡದ್ದನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಗ್ಯಾರೇಜಿನಲ್ಲಿ ಬಾಯಿಮಾತಿಗಿಂತ ಅದಕ್ಕೆ ಮರ್ಯಾದೆ ಜಾಸ್ತಿ.

ಅದಕ್ಕೂ ಮುಂಚೆ ಒಂದು ಬಿಟ್ಟಿ ಪರೀಕ್ಷೆ. ನಿಮ್ಮ ಕೀ ಗೊಂಚಲಲ್ಲಿ ಏನೇನಿದೆ? ಮನೆ ಬೀಗ, ಬೀರು, ಗೇಟು, ಸ್ಕೂಟರ್, ಜೊತೆಗೊಂದು ಹಿತ್ತಾಳೆ ಗಣಪತಿ? ಅಷ್ಟು ಭಾರ ವರ್ಷಗಟ್ಟಲೆ ನೇತಾಡಿದರೆ ಇಗ್ನಿಷನ್ ಸ್ವಿಚ್ ಸಡಿಲಾಗುತ್ತದೆ. ಮನೆ ಮುಂದೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡುವಾಗ ಕೀಯನ್ನು ತಿರುಗಿಸದೆ ಮೆಲ್ಲಗೆ ಅಲ್ಲಾಡಿಸಿ. ಆಫ್ ಆದರೆ ಸೆನ್ಸರ್ ಖರ್ಚು ಉಳಿಯಿತು.

ಓಡುತ್ತಿರುವಾಗಲೇ ಆಫ್ ಆದರೆ ಬ್ರೇಕ್ ಪದೇ ಪದೇ ತುಳಿಯಬೇಡಿ. ಬ್ರೇಕ್ ಹಗುರ ಮಾಡುವ ಬೂಸ್ಟರ್‌ನಲ್ಲಿ ಉಳಿದಿರುವ ನಿರ್ವಾತ ಎರಡು ಮೂರು ಸಲಕ್ಕೆ ಮುಗಿಯುತ್ತದೆ, ಆಮೇಲೆ ಪೆಡಲ್ ಕಲ್ಲು. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದು ಎಡಕ್ಕೆ ಬನ್ನಿ. ಸ್ಟಿಯರಿಂಗ್ ಭಾರವಾಗುತ್ತದೆ, ಹೆದರಬೇಡಿ. ಕೀ ಮಾತ್ರ ಪೂರ್ತಿ ಹಿಂದಕ್ಕೆ ತಿರುಗಿಸಬೇಡಿ, ಸ್ಟಿಯರಿಂಗ್ ಲಾಕ್ ಆದೀತು.

ಪ್ರಶ್ನೆ: ಸಿಗ್ನಲ್‌ನಲ್ಲಿ ಎಸಿ ಹಾಕಿದಾಗ ಮಾತ್ರ ಗಾಡಿ ನಡುಗಿ ಆಫ್ ಆಗುತ್ತದೆ. ಎಸಿ ಇಲ್ಲದಿದ್ದರೆ ಸರಿ. ಇದೂ ಎಂಪಿಎಫ್‌ಐ.

ಉತ್ತರ: ಇಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಮತ್ತು ಎಕ್ಸಲೇಟರ್ ತುಳಿಯದಿದ್ದಾಗ ಗಾಳಿ ಕೊಡುವ ಐಡಲ್ ವಾಲ್ವ್ ಬಿಚ್ಚಿ ಕ್ಲೀನ್ ಮಾಡಿಸಿ. ಒಳಗೆ ಕಪ್ಪು ಮಸಿ ಕಟ್ಟಿರುತ್ತದೆ, ಎಸಿ ಹೊರೆ ಬಿದ್ದಾಗ ಬೇಕಾದ ಆ ಚೂರು ಗಾಳಿ ಹೋಗಲು ಜಾಗವಿರುವುದಿಲ್ಲ. ಅರ್ಧ ಗಂಟೆ ಕೆಲಸ. ಇಂಜಿನ್ ಓವರ್‌ಹಾಲ್ ಮಾಡಬೇಕು ಅಂತ ಯಾರಾದರೂ ಅಂದರೆ ಕೀ ವಾಪಸ್ ಇಸ್ಕೊಂಡು ಬನ್ನಿ.